ಚರ್ಚಿನ್ಯಾಗ ಆರ್ಗನ್ ನುಡಸೂದು, ಕ್ವಾಯರ್ ನಡಸೂದು, ಹಾಡು ಕಟ್ಟೂದು: ನಮ್ಮ ಬೆಳಗಾವಿ ಕಡೆ ಇದನ್ನ ಹೆಂಗ ಕಲೀಬೇಕು

ಆರ್ಗನ್ ಕಲೀಬೇಕು ಅಂತ ಅನಸಿದ್ರ ಮೊದ್ಲು ಹಾಡಾಕ ಕಲೀರಿ. ಇದನ್ನ ಭಾಳ ಮಂದಿಗೆ ಹೇಳೀನಿ, ಅರ್ಧಕ್ಕರ್ಧ ಮಂದಿ ಕೇಳಂಗಿಲ್ಲ, ಸೀದಾ ಕೀಬೋರ್ಡ್ ತಗೊಂಡು ಯೂಟ್ಯೂಬ್ ಹಚ್ಚಿ ಕುಂದರ್ತಾರ. ಆರು ತಿಂಗಳಾದ್ರ ಬೆರಳು ಚಂದ ಓಡ್ತಾವ, ಆದ್ರ ಭಾನುವಾರ ಸಭೆ ಜೋಡಿ ನುಡಸಾಕ ಕುಂತ್ರ ಮಂದಿ ಒಂದು ದಾರಿ, ಕೀಬೋರ್ಡ್ ಒಂದು ದಾರಿ. ಬೆರಳಿಗೆ ಉಸಿರು ಬೇಕಾಗಂಗಿಲ್ಲ, ಹಾಡೋರಿಗೆ ಬೇಕು, ಅಷ್ಟ ಕಾರಣ. ಸಾಲಿನ ಕಡೀಗೆ ಒಂದು ಮುದುಕಿ ಎಲ್ಲಿ ಉಸಿರು ತಗೋತಾಳು ಅನ್ನೂದು ನಿಮ್ಮ ಎದಿಗೆ ಗೊತ್ತಿರಬೇಕು, ಅದು ಗೊತ್ತಾಗೂದು ನೀವೂ ಹಾಡಿದ್ರ ಮಾತ್ರ.

ನಾನು ಬೆಳಗಾವಿ ಕ್ಯಾಂಪ್ ಕಡೆಯಂವ, ಇಪ್ಪತ್ತೆರಡು ವರ್ಷ ಆತು ಚರ್ಚಿನ್ಯಾಗ ನುಡಸಾಕತ್ತು. ನಮ್ಮೂರಾಗ ಮುಂಜಾನೆ ಕನ್ನಡ ಆರಾಧನೆ, ಆಮ್ಯಾಲ ಇಂಗ್ಲಿಷ್, ಇನ್ನೊಂದು ಕಡೆ ಮರಾಠಿ, ಮತ್ತೊಂದು ಕಡೆ ಕೊಂಕಣಿ, ಹಿಂಗಾಗಿ ಒಂದ ದಿನದಾಗ ಮೂರು ನಾಕು ಭಾಷಾದಾಗ ಹಾಡು ಎತ್ತಬೇಕಾಗ್ತೈತಿ. ದೊಡ್ಡ ಪೈಪ್ ಆರ್ಗನ್ ನೋಡಿ ಆಸೆ ಪಟ್ಟು ಈ ಕಡೆ ಬಂದ್ರ ನಿಮಗ ಸಿಗೂದು ಕೀಬೋರ್ಡ್, ಇಲ್ಲಾಂದ್ರ ಮೂಲಿಗೆ ಬಟ್ಟಿ ಹೊಚ್ಚಿಟ್ಟಿರೋ ಕಾಲಿನ ಹಾರ್ಮೋನಿಯಂ. ಅದಕ್ಕ ಬ್ಯಾಸರ ಮಾಡ್ಕೋಬ್ಯಾಡ್ರಿ, ಕೆಲಸ ಅದ ಐತಿ.

ಈ ಕೆಲಸ ಒಂದಲ್ಲ, ಮೂರು. ನುಡಸೂದು, ಕ್ವಾಯರ್ ಅಂದ್ರ ಹಾಡೋ ತಂಡಾನ ಹಾಡಸೂದು, ಹೊಸಾ ಹಾಡು ಬರಿಯೂದು. ಜರ್ಮನಿಯೊಳಗ ಎಷ್ಟೋ ಕಡೆ ಇದನ್ನ ಒಬ್ಬನ ಮಾಡ್ತಿದ್ದ, ಕಾಂಟರ್ ಅಂತ ಕರೀತಿದ್ರು. ಬಾಖ್ ಅನ್ನೋ ದೊಡ್ಡ ಸಂಗೀತಗಾರ 1723ರಾಗ ಲೈಪ್ಸಿಗ್‌ಗೆ ಹೋಗಿ ಸಾಯೂತನಕ, ಅಂದ್ರ 1750ರತನಕ, ಕಾಂಟರ್ ಆಗಿದ್ದ, ಕೆಲಸ ಅಂದ್ರ ಹುಡುಗರಿಗೆ ಕಲಸೂದು, ಭಾನುವಾರಕ್ಕ ಹೊಸಾ ಸಂಗೀತ ಬರಿಯೂದು, ಶನಿವಾರ ಪ್ರ್ಯಾಕ್ಟೀಸ್ ಮಾಡಸೂದು. ಅದಕ್ಕೂ ಮೊದ್ಲು, ಇಪ್ಪತ್ತು ವರ್ಷದಂವ ಇದ್ದಾಗ, 1705ರಾಗ ಆರ್ನ್‌ಸ್ಟಾಟ್‌ನಿಂದ ಲ್ಯೂಬೆಕ್‌ಗೆ ಬುಕ್ಸ್‌ಟಹುಡ ಅನ್ನೋ ಹಿರಿಯ ಆರ್ಗನಿಸ್ಟ್ ನುಡಸೂದು ಕೇಳಾಕ ನಡಕೊಂತ ಹೋದ, ಸುಮಾರು 400 ಕಿಲೋಮೀಟರ್, ಅಂದ್ರ ಇಲ್ಲಿಂದ ತುಮಕೂರಿನ ಹತ್ರ ಹತ್ರ ನಡದಂಗ. ನಾಕು ವಾರ ರಜಾ ಕೇಳಿ ಹೋದಂವ ನಾಕು ತಿಂಗಳು ಅಲ್ಲೇ ಉಳದ, ವಾಪಸ್ ಬಂದಮ್ಯಾಲ ಚರ್ಚಿನ ಹಿರಿಯರ ಕಡಿಂದ ಬೈಸಿಕೊಂಡ. ಇದನ್ನ ಯಾಕ ಹೇಳಿದೆ ಅಂದ್ರ ಛಲೋ ನುಡಸೋರು ಎಲ್ಲಿದಾರ ಅಂತ ಗೊತ್ತಾದ್ರ ಬಸ್ ಹತ್ತಿ ಹೋಗಿ ಹಿಂದಿನ ಬೆಂಚಿನ್ಯಾಗ ಕುಂತು ಕೇಳ್ರಿ, ರೆಕಾರ್ಡಿಂಗ್‌ನ್ಯಾಗ ಅವ್ರ ಕೈ ಕಾಣಂಗಿಲ್ಲ, ಸಭೆ ಕಡೆ ಅವ್ರು ಹೆಂಗ ಕಿವಿ ಇಡ್ತಾರ ಅನ್ನೂದಂತೂ ಕಾಣೂದ ಇಲ್ಲ.

ಸರಿ, ಹಾಡೂದು ಎಲ್ಲಿ ಕಲೀಬೇಕು? ನಮ್ಮ ಕಡೆ ಹಿಂದೂಸ್ತಾನಿ ಸಂಗೀತದ ಗುರುಗಳು ಊರೂರಿಗೆ ಅದಾರ, ಇದು ನಮ್ಮ ಪುಣ್ಯ. ಕುಮಾರ ಗಂಧರ್ವ ಹುಟ್ಟಿದ್ದು ಇಲ್ಲೇ ಸುಳೇಭಾವಿಯೊಳಗ. ಒಂದು ವರ್ಷರ ಕುಂತು ಸ್ವರ ಹಚ್ಚರಿ, ಗಂಧರ್ವ ಮಹಾವಿದ್ಯಾಲಯ ಮಂಡಳದ ಪ್ರವೇಶಿಕಾ ಪರೀಕ್ಷಾ ಆದ್ರೂ ಕಟ್ಟರಿ. ಚರ್ಚಿನ ಹಾಡಿಗೂ ಅದಕ್ಕೂ ಏನ್ ಸಂಬಂಧ ಅಂತ ಕೇಳಬ್ಯಾಡ್ರಿ, ಷಡ್ಜ ಗಟ್ಟಿ ಹಿಡಿಯೂದು ಗೊತ್ತಿದ್ದಂವಗ ಆಲ್ಟೋ, ಅಂದ್ರ ರಾಗದ ಕೆಳಗಿನ ಎರಡನೇ ದನಿ, ಹಾಡೂದು ಕಷ್ಟ ಆಗಂಗಿಲ್ಲ. ಅದರ ಜೋಡಿ ಟಾನಿಕ್ ಸೋಲ್ಫಾ ಕಲೀರಿ, ಡೋ ರೇ ಮೀ ಅಂತ ಅಕ್ಷರದಾಗ ಬರಿಯೋ ಪದ್ಧತಿ. ಜಾನ್ ಕರ್ವೆನ್ ಅನ್ನೋ ಇಂಗ್ಲಿಷ್ ಪಾದ್ರಿ 1840ರ ದಶಕದಾಗ ಸಾರಾ ಗ್ಲೋವರ್ ಅನ್ನೋ ಬಾಯಾರು ಮಾಡಿದ್ದನ್ನ ತಗೊಂಡು ಬೆಳಸಿದ, ಮಿಷನರಿಗಳು ದುನಿಯಾ ತುಂಬ ಒಯ್ದ್ರು. ಸರಿಗಮ ಬರೋರಿಗೆ ಇದು ಒಂದು ವಾರದ ಕೆಲಸ, ಯಾಕಂದ್ರ ಸಾ ಎಲ್ಲಿ ಬೇಕಾದ್ರೂ ಇಟ್ಕೊಳ್ಳೂದು ನಮಗ ಮೊದ್ಲ ರೂಢಿ ಐತಿ. ಐದು ಗೆರಿ ಮ್ಯಾಲ ಬರಿಯೋ ಸ್ಟಾಫ್ ನೊಟೇಶನ್ ಸೈತ ಕಲೀಲೇಬೇಕು, ಅದನ್ನ ಬಿಟ್ರ ಮುಂದಿನ ದಾರಿ ಇಲ್ಲ, ಆದ್ರ ಸಾವಕಾಶ ಕಲೀರಿ.

ವಾದ್ಯ ತಗೊಳ್ಳೂದಾದ್ರ 61 ಕೀ ಇರೋ, ಮೆಲ್ಲಕ ಒತ್ತಿದ್ರ ಮೆಲ್ಲಕ ಬರೋ ಟಚ್ ಕೀಬೋರ್ಡ್ ಸಾಕು. ಸ್ವರ ಎಳದು ನಿಲ್ಲಸೋ ಸಸ್ಟೇನ್ ಪೆಡಲ್ ಮಾತ್ರ ತಗದು ಕಪಾಟಿನ್ಯಾಗ ಇಡ್ರಿ. ಆರ್ಗನ್ ಸ್ವರಕ್ಕ ಪಿಯಾನೋದಂಗ ಸಾವಿಲ್ಲ, ಬೆರಳು ಇಟ್ಟಷ್ಟು ಹೊತ್ತು ನಿಲ್ತೈತಿ, ತಗದ ಕೂಡ್ಲೆ ನಿಂತುಬಿಡ್ತೈತಿ. ಅದಕ್ಕ ಒಂದು ಕೀ ಒತ್ತಿ ಹಿಡಕೊಂಡೇ ಬೆರಳು ಬದಲಿ ಮಾಡೂದು ಕಲೀಬೇಕು, ಮೂರನೇ ಬೆರಳು ಇದ್ದಲ್ಲಿ ಐದನೇದು ಜಾರಿ ಕುಂದರಬೇಕು, ಸ್ವರ ಹರೀಬಾರದು. ದಿನಾ ಹದಿನೈದು ನಿಮಿಷ ಇದೊಂದ ಮಾಡ್ರಿ. ಪರೀಕ್ಷಾ ಕಟ್ಟೋರಿಗೆ ಟ್ರಿನಿಟಿ, ಎಬಿಆರ್‌ಎಸ್‌ಎಂ ಎರಡೂ ಲಂಡನ್ನಿನ ಸಂಗೀತ ಪರೀಕ್ಷಾ ಮಂಡಳಿ, 8 ಗ್ರೇಡ್ ತನಕ ಅದಾವ. ಎಬಿಆರ್‌ಎಸ್‌ಎಂನ್ಯಾಗ 6ನೇ ಗ್ರೇಡಿಗೆ ಕುಂದ್ರಬೇಕಂದ್ರ ಮೊದ್ಲು 5ನೇ ಗ್ರೇಡಿನ ಥಿಯರಿ, ಇಲ್ಲಾಂದ್ರ ಅದರ ಬದ್ಲಿ ಅವ್ರು ಒಪ್ಪೋ ಪರೀಕ್ಷಾ, ಪಾಸ್ ಆಗಿರಬೇಕು, ಇದು ಗೊತ್ತಿಲ್ದ ಭಾಳ ಹುಡುಗ್ರು ಒಂದು ವರ್ಷ ಹಾಳು ಮಾಡ್ಕೋತಾರ. ಟ್ರಿನಿಟಿಯೊಳಗ ಈ ಷರತ್ತು ಇಲ್ಲ. ಪಾಶ್ಚಾತ್ಯ ಸಂಗೀತ ಸರಿಯಾಗಿ ಕಲೀಬೇಕು ಅನ್ನೋರಿಗೆ ಪಣಜಿಯ ಕಲಾ ಅಕಾಡೆಮಿ ಹತ್ರ ಐತಿ, ಚೋರ್ಲಾ ಘಾಟ್ ಇಳದ್ರ ಬಂತು, ಆದ್ರ ಮಳಿಗಾಲದಾಗ ಆ ರಸ್ತಾ ಬ್ಯಾಡ್ರಿ.

ಇನ್ನ ಮುಖ್ಯ ವಿಷಯ, ಸಭೆಗೆ ಹಾಡು ಎತ್ತಿಕೊಡೂದು. ಪೀಠಿಕಾ ಅಂದ್ರ ಇಂಟ್ರೋ ನುಡಸ್ತೀರಲ್ಲ, ಅದು ಮಂದಿಗೆ ಮೂರು ಸುದ್ದಿ ಹೇಳಬೇಕು: ಯಾವ ಹಾಡು, ಯಾವ ಸುರು (ಶ್ರುತಿ), ಎಷ್ಟು ಜೋರು. ಹಾಡಿನ ಕಡೀ ಸಾಲು ನುಡಸಿದ್ರ ಸಾಕು, ಆದ್ರ ಹಾಡೋ ವೇಗದಾಗ ನುಡಸ್ರಿ. ಇಂಟ್ರೋ ಓಡಸಿ ಹಾಡನ್ನ ಎಳದ್ರ ಮಂದಿಗೆ ನಿಮ್ಮ ಮ್ಯಾಲ ನಂಬಿಕಿ ಹೋಗ್ತೈತಿ, ಆಮ್ಯಾಲ ಅವ್ರು ನಿಮ್ಮನ್ನ ಕೇಳೂದ ಬಿಡ್ತಾರ. ಚರಣ ಮುಗಿದಾಗ ಕಡೀ ಸ್ವರ ಎಣಿಸಿ ಹಿಡೀರಿ, ಎಣಿಸಿ ಬಿಡ್ರಿ, ಒಂದು ಮಾತ್ರೆ ಪೂರಾ ನಿಶ್ಶಬ್ದ ಕೊಡ್ರಿ, ಆಮ್ಯಾಲ ಮುಂದಿನ ಚರಣ. ಎಲ್ಲಾ ಚರಣಕ್ಕೂ ಅಷ್ಟ ಎಣಿಕಿ. ಒಂದನೇ ಚರಣದಾಗ ಎರಡು ಮಾತ್ರೆ ನಿಂತು ಎರಡನೇದ್ರಾಗ ನಾಕು ನಿಂತ್ರ ಅರ್ಧ ಸಭೆ ಮೊದ್ಲ ಶುರು ಮಾಡಿ ನಾಚಿಕೊಂಡು ನಿಂದರ್ತೈತಿ, ಒಮ್ಮೆ ಹಂಗ ನಾಚಿದೋರು ಆ ದಿನ ಮತ್ತ ಬಾಯಿ ಬಿಟ್ಟು ಹಾಡಂಗಿಲ್ಲ. ನಿಶ್ಶಬ್ದದಾಗ ನೀವೂ ಬಾಯಿ ತಗದು ಉಸಿರು ಎಳೀರಿ, ಮುಂದಿನ ಬೆಂಚಿಗೆ ಕೇಳೂವಂಗ.

ಸುರು ಎಲ್ಲಿ ಇಡಬೇಕು ಅನ್ನೂದು ಇನ್ನೊಂದು. ಹಳೆ ಇಂಗ್ಲಿಷ್ ಪುಸ್ತಕದಾಗ ಸೊಪ್ರಾನೋ, ಅಂದ್ರ ಎಲ್ಲಾಕ್ಕಿಂತ ಮ್ಯಾಲಿನ ದನಿ, ಮ್ಯಾಲಿನ ಇ, ಎಫ್ ಸ್ವರದತನಕ ಹೋಗ್ತೈತಿ. ಮುಂಜಾನೆ ಎಂಟಕ್ಕ, ಒಂದು ಕಪ್ ಚಾ ಕುಡದು ಬಂದ ಮಂದಿ ಗಂಟಲಿಗೆ ಅದು ಆಗದ ಮಾತು. ಮ್ಯಾಲಿನ ಡಿ ದಾಟದಂಗ ಇಳಸ್ರಿ. ನಮ್ಮ ಹಾರ್ಮೋನಿಯಂ ಭಾಷಾದಾಗ ಹೇಳೂದಾದ್ರ ಬಿಳಿ ನಾಕರಾಗ ಇರೋ ಹಾಡನ್ನ ಬಿಳಿ ಎರಡಕ್ಕ ತರ್ರಿ, ಅಂದ್ರ ಎಫ್‌ನಿಂದ ಡಿಗೆ. ಟ್ರಾನ್ಸ್‌ಪೋಸ್ ಬಟನ್ ಒತ್ತಿ ಸುರು ಇಳಸಬಹುದು, ಆದ್ರ ಅದನ್ನ ವಾಪಸ್ ಸೊನ್ನಿಗೆ ತರೂದು ಮರತ್ರ ಮುಂದಿನ ಹಾಡು ಎಲ್ಲೋ ಹೋಗಿ ನಿಲ್ತೈತಿ, ಒಮ್ಮೆ ಸಮಾಧಿ ಆರಾಧನೆಯೊಳಗ ನನಗ ಹಂಗಾಗಿತ್ತು, ಅಳ್ತಿದ್ದ ಮಂದಿ ಹಾಡಾಕ ಆಗಲಾರದ ಸುಮ್ಮನ ನಿಂತ್ರು, ಇವತ್ತಿಗೂ ನೆನಪಾದ್ರ ಹೊಟ್ಟಿ ತೊಳಸ್ತೈತಿ. ಅವತ್ತಿಂದ ಕೈಯಿಂದನ ಸುರು ಬದಲಿ ಮಾಡೂದು ಕಲತೆ. ನೀವು ಮೊದ್ಲ ಕಲೀರಿ.

ಮಂದಿ ಹಿಂದ ಬಿದ್ರ ಜೋರ ಮಾಡಬ್ಯಾಡ್ರಿ, ವಾಲ್ಯೂಮ್ ಏರಿಸಿದ್ರ ಅವ್ರು ಇನ್ನೂ ಹಿಂದ ಸರೀತಾರ, ಯಾಕಂದ್ರ ಅವ್ರಿಗೆ ಅವ್ರ ದನಿ ಕೇಳಂಗಿಲ್ಲ. ಸ್ವರಗಳನ್ನ ಸ್ವಲ್ಪ ಬಿಡಿಸಿ ಬಿಡಿಸಿ ನುಡಸ್ರಿ, ನಡು ನಡು ಸಣ್ಣ ಸಂದು ಬಿಡ್ರಿ, ತಾಳ ಆಗ ಕಾಣಾಕ ಹತ್ತೈತಿ. ಕಟ್ಟಡ ಹೆಂಗೈತಿ ಅನ್ನೂದೂ ನೋಡ್ರಿ. ವಿಜಯಪುರದ ಗೋಲಗುಮ್ಮಟದಾಗ ಮ್ಯಾಲಿನ ಗ್ಯಾಲರಿಯೊಳಗ ನಿಂತು ಚಪ್ಪಾಳೆ ಹೊಡದು ನೋಡಿದೋರಿಗೆ ಗೊತ್ತು, ಒಂದು ಸಪ್ಪಳ ಮುಗಿಯೂದ್ರಾಗ ಇನ್ನೊಂದು ಮಾಡಿದ್ರ ಎರಡೂ ಕಲಸಿಹೋಗ್ತಾವ. ಎತ್ತರದ ಕಲ್ಲಿನ ಚರ್ಚಿನ್ಯಾಗ ಅದರದ ಸಣ್ಣ ರೂಪ ಇರ್ತೈತಿ. ಅಲ್ಲಿ ಸಾವಕಾಶ, ಬಿಡಿಸಿ, ಕೆಳಗಿನ ಸ್ವರ ಕಮ್ಮಿ. ಹಳ್ಳಿ ಕಡೆ ತಗಡಿನ ಚರ್ಚಿನ್ಯಾಗ ಇದರ ಉಲ್ಟಾ, ದನಿ ಹೊರಬಿದ್ದ ಕೂಡ್ಲೆ ಸಾಯ್ತೈತಿ, ಅಲ್ಲಿ ಕೂಡಿಸಿ ತುಂಬಿಸಿ ನುಡಸಬೇಕು.

ಕಾಲಿನ ಹಾರ್ಮೋನಿಯಂ ಸಿಕ್ಕೋರಿಗೆ ಎರಡು ಮಾತು ಜಾಸ್ತಿ ಹೇಳ್ತೀನಿ, ಅದನ್ನ ಮಂದಿ ಗುಜರಿಗೆ ಹಾಕಾಕತ್ತಾರ, ನನಗ ತಡಕೊಳ್ಳಾಕ ಆಗಂಗಿಲ್ಲ. 1842ರಾಗ ಪ್ಯಾರಿಸ್‌ನ್ಯಾಗ ದೆಬೇನ್ ಅನ್ನಾಂವ ಹಾರ್ಮೋನಿಯಂ ಅಂತ ಪೇಟೆಂಟ್ ತಗೊಂಡಿದ್ದು ಕಾಲಿಂದ ಗಾಳಿ ಊದೋ ವಾದ್ಯ. 1875ರಾಗ ಕಲ್ಕತ್ತಾದ ದ್ವಾರಕಾನಾಥ ಘೋಷ್ ಅದನ್ನ ಕೈಯಿಂದ ಊದೋ ಪೆಟ್ಟಿಗಿ ಮಾಡಿದ್ರು, ಅದು ಭಜನಿಗೆ, ನಾಟಕಕ್ಕ, ಕೀರ್ತನಕ್ಕ ಎಲ್ಲಾ ಕಡೆ ಹೊಕ್ಕಿತು. ಆಕಾಶವಾಣಿ 1940ರಿಂದ 1971ರತನಕ ಇದನ್ನ ರೇಡಿಯೋದಾಗ ಬ್ಯಾನ್ ಮಾಡಿತ್ತು ಅಂದ್ರ ನಂಬ್ತೀರಾ? ಕರೆಂಟ್ ಇಲ್ದ ನಡೆಯೋ ವಾದ್ಯ, ಹಳ್ಳಿ ಸಭೆಗೆ ಇದಕ್ಕಿಂತ ಛಲೋದು ಇಲ್ಲ.

ಬಾಗಲಕೋಟೆ ಜಿಲ್ಲಾದ ಒಂದು ಹಳೆ ಚರ್ಚಿನ್ಯಾಗ ಹಿಂತಾದ್ದೊಂದು ಬಿಚ್ಚಿದ್ದೆ. ಹಿಂದಿನ ಹಲಗಿ ತಗದ್ರ ಒಳಗ ಇಲಿ ಗೂಡು, ಹರಕು ಪ್ರಾರ್ಥನಾ ಪುಸ್ತಕದ ಹಾಳಿ, ಬೇವಿನ ಎಲಿ. ತಿದಿಯ ಚರ್ಮ ಎರಡು ಕಡೆ ಸೀಳಿತ್ತು, ನಮ್ಮ ವಿಜಯಪುರ ಬಾಗಲಕೋಟೆ ಬಿಸಲಿಗೆ ಚರ್ಮ ಒಣಗಿ ಹಪ್ಪಳ ಆಗ್ತೈತಿ, ಬೆಳಗಾವಿ ಮಳಿಗೆ ಕಟ್ಟಿಗಿ ಉಬ್ಬಿ ಕೀ ಹಿಡ್ಕೋತಾವ, ಎರಡೂ ಕಡೆ ರೋಗ ಬ್ಯಾರೆ ಬ್ಯಾರೆ. ಸೀಳಿದ ಕಡೆ ತೆಳ್ಳನ ಚರ್ಮ ಅಂಟಿಸಿದ್ವಿ. ಆಮ್ಯಾಲ ರೀಡ್, ಅಂದ್ರ ಹಿತ್ತಾಳಿ ನಾಲಿಗಿ. ಕೆಲವು ಊದಿದ್ರೂ ಮೂಕಾಗಿ ಕುಂತಿದ್ವು. ಅಂತಾದ್ದನ್ನ ಹೊರಗ ಎಳದು ಮೆತ್ತನ ಬ್ರಷ್‌ನಿಂದ ಬುಡದಿಂದ ತುದಿ ಕಡೆ ಒರಸ್ರಿ, ಯಾವತ್ತೂ ತುದಿಯಿಂದ ಬುಡಕ್ಕ ಒರಸಬ್ಯಾಡ್ರಿ, ನಾಲಿಗಿ ಎದ್ದು ಬರ್ತೈತಿ. ನಾಲಿಗಿ ಕೆಳಗ ತೆಳು ಕಾಗದ ತೂರಿಸಿ ಎಳದ್ರ ಕೂದಲೆಳಿಯಷ್ಟು ಧೂಳಿ ಹೊರಬೀಳ್ತೈತಿ, ಅಷ್ಟ ಧೂಳಿ ಒಂದು ಸ್ವರಾನ ಹತ್ತಾರು ವರ್ಷ ಮೂಕ ಮಾಡಿಟ್ಟಿರ್ತೈತಿ. ಸ್ವರ ಇಳದಿದ್ರ ನಾಲಿಗಿ ತುದಿ ಕಡೆ ಒಂಚೂರು ಕೆರದ್ರ ಏರ್ತೈತಿ, ಏರಿದ್ರ ಬುಡದ ಕಡೆ ಕೆರದ್ರ ಇಳೀತೈತಿ. ಒಂಚೂರು ಅಂದ್ರ ಒಂಚೂರು, ಕೆರದದ್ದು ವಾಪಸ್ ಬರಂಗಿಲ್ಲ. ಅವತ್ತು ಸಂಜೀಕ ಆ ಊರಿನ ಒಬ್ಬ ಮುದುಕ ಬಂದು ಪೆಡಲ್ ಮ್ಯಾಲ ಕಾಲಿಟ್ಟು ಬರೇ ಒಂದು ಸಾ ಹಿಡಕೊಂಡು ಕುಂತ, ಎಷ್ಟೋ ಹೊತ್ತು ಏಳಲಿಲ್ಲ.

ಕ್ವಾಯರ್ ಮಾತಿಗೆ ಬರೂಣು. ಮೊದ್ಲ ದಿನ ನಾಕು ಪಾರ್ಟ್ ಹಂಚಾಕ ಹೋಗಬ್ಯಾಡ್ರಿ. ಸೊಪ್ರಾನೋ, ಆಲ್ಟೋ ಹೆಂಗಸರಿಗೆ, ಟೆನರ್, ಬಾಸ್ ಗಂಡಸರಿಗೆ ಅಂತ ಪುಸ್ತಕದಾಗ ನಾಕು ಸಾಲು ಇರ್ತಾವ ಖರೆ, ನಮ್ಮಲ್ಲಿ ಟೆನರ್ ಅಂದ್ರ ಇಬ್ಬರು ಇರ್ತಾರ, ಅವರಾಗ ಒಬ್ಬಂವ ಕಬ್ಬು ಕಡಿಯೋ ಸೀಸನ್ನಿನ್ಯಾಗ ಬರೂದ ಇಲ್ಲ. ಮೂರು ತಿಂಗಳು ಎಲ್ಲಾರೂ ಒಂದ ರಾಗ ಹಾಡ್ರಿ, ಆದ್ರ ಒಂದ ದನಿ ಆಗೂತನಕ ಹಾಡ್ರಿ. ಆಮ್ಯಾಲ ಎರಡು ಪಾರ್ಟ್. ನಾಕಕ್ಕ ಹೋಗಾಕ ಒಂದು ವರ್ಷ ಹಿಡದ್ರೂ ತಪ್ಪಿಲ್ಲ. ನಾಕು ಪಾರ್ಟ್ ಕಲಸೂವಾಗ ಬಾಸ್ ಮೊದ್ಲು ಕಲಸ್ರಿ, ಸೊಪ್ರಾನೋ ಕಡೀಗೆ, ಯಾಕಂದ್ರ ರಾಗ ಎಲ್ಲಾರಿಗೂ ಮೊದ್ಲ ಬರ್ತಿರ್ತೈತಿ, ಅದು ಕಿವಿಯೊಳಗ ಕುಂತ್ರ ಆಲ್ಟೋದವ್ರು ಜಾರಿ ಅಲ್ಲೇ ಹೋಗಿ ಸೇರ್ತಾರ.

ನಮ್ಮ ಆಲ್ಟೋದಾಗ ಒಬ್ಬ ತಾಯಿ ಅದಾರ, ಓದಾಕ ಬರಂಗಿಲ್ಲ, ನೊಟೇಶನ್ ಅಂತೂ ದೂರ. ಕೈ ಎತ್ತಿ ಸೋಲ್ಫಾ ಸನ್ನಿ ಮಾಡಿದ್ರ, ಮುಷ್ಟಿ ಕಟ್ಟಿದ್ರ ಡೋ, ಅಂಗೈ ಅಡ್ಡ ಹಿಡದ್ರ ಮೀ, ಆಕಿ ಕಣ್ಣು ಆ ಕೈ ಮ್ಯಾಲ ನೆಟ್ಟು ಒಂದ ಒಂದು ಸ್ವರ ತಪ್ಪಸಂಗಿಲ್ಲ. ಬಾಜು ಕುಂತಿರೋ ಬಿಕಾಂ ಹುಡುಗಿ ಆಕೀನ ಕೇಳಕೊಂಡ ಹಾಡ್ತಾಳು. ಹಂಗಾಗಿ ಯಾರಿಗೆ ಓದಾಕ ಬರ್ತೈತಿ ಅಂತ ನೋಡಿ ಕ್ವಾಯರ್‌ಗೆ ತಗೋಬ್ಯಾಡ್ರಿ, ಯಾರು ಶನಿವಾರ ಸಂಜೀಕ ತಪ್ಪದ ಬರ್ತಾರ ಅಂತ ನೋಡ್ರಿ.

ಉಸಿರಿನ ಗುರುತು ಹಾಕೂದು ಮರೀಬ್ಯಾಡ್ರಿ. ಕನ್ನಡದಾಗ ಶಬ್ದ ಉದ್ದ ಇರ್ತಾವ, ಪರಲೋಕದಲ್ಲಿರುವ ಅನ್ನೂದು ಒಂದ ಶಬ್ದ, ನಡುವ ಉಸಿರು ತಗೊಂಡ್ರ ಪರಲೋಕದ ಅಂತ ಒಮ್ಮೆ ನಿಂತು ಲ್ಲಿರುವ ಅಂತ ಇನ್ನೊಮ್ಮೆ ಶುರು ಆಗ್ತೈತಿ, ಕೇಳಾಕ ಭಾಳ ಕೆಟ್ಟ. ಎಲ್ಲಾರ ಪುಸ್ತಕದಾಗ ಪೆನ್ಸಿಲ್ಲಿಂದ ಗುರುತು ಹಾಕಸ್ರಿ, ಇಲ್ಲಿ ತಗೋರಿ, ಇಲ್ಲಿ ತಗೋಬ್ಯಾಡ್ರಿ ಅಂತ. ಶಬ್ದದ ಕಡೀಗೆ ಬರೋ ಸ ಮತ್ತ ರು, ಲು ಎಲ್ಲಾರೂ ಕೂಡಿ ಮುಗಸಬೇಕು. ಪ್ರ್ಯಾಕ್ಟೀಸ್ ಒಂದೂವರಿ ತಾಸಿಗಿಂತ ಜಾಸ್ತಿ ಬ್ಯಾಡ. ಹೊಸಾ ಹಾಡನ್ನ ನಡುವಿನ ಹೊತ್ತಿನ್ಯಾಗ ಹಾಡಸ್ರಿ, ಮೊದ್ಲ ಇಪ್ಪತ್ತು ನಿಮಿಷ ಮಂದಿ ಇನ್ನೂ ಬರ್ತಿರ್ತಾರ, ಕಡೀ ಇಪ್ಪತ್ತು ನಿಮಿಷ ಮನಸ್ಸು ಮನಿ ಕಡೆ ಇರ್ತೈತಿ.

ವರ್ಷದ ಲೆಕ್ಕ ಇಟ್ಟುಕೋರಿ. ಕ್ರಿಸ್ಮಸ್ ಹಾಡು ಸೆಪ್ಟೆಂಬರ್‌ನ್ಯಾಗ ಶುರು ಮಾಡಬೇಕು, ಈಸ್ಟರ್‌ದು ಜನವರಿಯೊಳಗ. ಕ್ಯಾಥೊಲಿಕ್ ಚರ್ಚಿನ್ಯಾಗ ನುಡಸೋರು ಒಂದು ನಿಯಮ ತಿಳಕೋಬೇಕು: ತಪಸ್ಸು ಕಾಲದಾಗ, ಅಂದ್ರ ಈಸ್ಟರ್ ಮೊದಲಿನ ಉಪವಾಸದ ದಿನದಾಗ, ನಾಕನೇ ಭಾನುವಾರ ಮತ್ತ ಹಬ್ಬ ಬಿಟ್ರ ಆರ್ಗನ್ ಹಾಡಿಗೆ ಆಸರಾ ಕೊಡಾಕ ಅಷ್ಟ, ಬರೇ ವಾದ್ಯ ನುಡಸಂಗಿಲ್ಲ. ಪವಿತ್ರ ಗುರುವಾರದ ಗ್ಲೋರಿಯಾ ಅನ್ನೋ ಸ್ತುತಿ ಹಾಡು ಆದಮ್ಯಾಲ ಈಸ್ಟರ್ ಜಾಗರಣಿಯ ಗ್ಲೋರಿಯಾತನಕ ಇದು ಇನ್ನೂ ಕಟ್ಟುನಿಟ್ಟು. ಎರಡನೇ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್‌ನ್ಯಾಗ ಆರಾಧನೆ ಬಗ್ಗೆ ಹೊರಡಿಸಿದ ದಾಖಲೆಯೊಳಗ ಜನರ ಭಾಷಾಕ್ಕ ಬಾಗಿಲು ತೆಗೀತು, ಅದ ದಾಖಲೆ ಪೈಪ್ ಆರ್ಗನ್ನಿಗೂ ಗೌರವದ ಜಾಗ ಕೊಟ್ಟಿತು, ಊರೂರಿನ ಸಂಗೀತಕ್ಕೂ ಜಾಗ ಕೊಡ್ರಿ ಅಂತು. ಕನ್ನಡ ಪೂಜಿಗೆ ಹಾಡು ಬರಿಯೋ ಕೆಲಸ ಅಲ್ಲಿಂದ ತೆರಕೊಂಡಿತು, ಅದು ಇನ್ನೂ ಮುಗದಿಲ್ಲ, ನಿಮಗ ಕೆಲಸ ಐತಿ.

ಈಗ ಹಾಡು ಕಟ್ಟೂದು. ಇದು ನನಗ ಎಲ್ಲಾಕ್ಕಿಂತ ಪ್ರೀತಿ. ಲಂಡನ್ ಮಿಷನ್‌ನವ್ರು 1820ರಾಗ ಬೆಳಗಾವಿಗೆ ಬಂದ್ರು, ಬಾಸೆಲ್ ಮಿಷನ್‌ನವ್ರು 1834ರಾಗ ಮಂಗಳೂರಿಗೆ ಬಂದು ಆಮ್ಯಾಲ ಧಾರವಾಡ, ಹುಬ್ಬಳ್ಳಿ, ಬೆಟಗೇರಿ, ನಮ್ಮ ಗುಳೇದಗುಡ್ಡದತನಕ ಬಂದ್ರು. ಅವ್ರು ತಮ್ಮ ದೇಶದ ರಾಗಕ್ಕ ಕನ್ನಡ ಶಬ್ದ ಕೂಡಿಸಿದ್ರು. ಆ ಹಾಡು ಹಾಡೇ ನಾವು ಬೆಳದದ್ದು, ಅವನ್ನ ನಾನು ಸಣ್ಣ ಮಾಡಂಗಿಲ್ಲ. ಆದ್ರ ಕೂಡಿಸೋವಾಗ ಒಂದು ತ್ರಾಸ ಉಳೀತು. ಇಂಗ್ಲಿಷ್ ಹಾಡಿನ ಎಷ್ಟೋ ಸಾಲು ಮೆತ್ತನ ಅಕ್ಷರದಿಂದ ಶುರು ಆಗ್ತಾವ, ದ, ಆ, ಓ ಅಂತ, ಪೆಟ್ಟು ಎರಡನೇ ಅಕ್ಷರಕ್ಕ ಬೀಳ್ತೈತಿ. ಕನ್ನಡ ಶಬ್ದಕ್ಕ ಒತ್ತು ಮೊದಲನೇ ಅಕ್ಷರದಾಗ. ಅಂತಾ ರಾಗಕ್ಕ ಕರ್ತನ ಅಂತ ಇಟ್ರ ಕರ್ ಅನ್ನೂದು ಸಣ್ಣ ಸ್ವರದಾಗ ಹೋಗಿ ತ ಮ್ಯಾಲ ಪೆಟ್ಟು ಬಿದ್ದು ಮಂದಿ ಕರ್ತಾನ ಅಂತ ಹಾಡ್ತಾರ. ಹಳೆ ಹಾಡಿನ್ಯಾಗ ಸಾಲಿನ ಮೊದ್ಲ ಸುಮ್ಮನ ಓ ಅಂತ ಬರೋದು ಎಷ್ಟೋ ಸಲ ಇದಕ್ಕನ, ಮೆತ್ತನ ಜಾಗಾ ತುಂಬಾಕ. ನೀವು ಅನುವಾದ ಮಾಡೋರಿದ್ರ ಪೆಟ್ಟಿನಿಂದನ ಶುರು ಆಗೋ ರಾಗ ಆರಸ್ಕೋರಿ, ಪುಸ್ತಕದ ಹಿಂದ 8.7.8.7 ಅಂತ, ಅಂದ್ರ ಸಾಲಿಗೆ ಎಂಟು, ಏಳು ಅಕ್ಷರ ಅಂತ, ಗುರುತು ಇರೋವ್ರಾಗ ಅಂತಾವು ಭಾಳ ಸಿಗ್ತಾವ. 8.6.8.6 ಅಂತ ಇದ್ರ ಎಚ್ಚರ, ಅವು ಹೆಚ್ಚಾಗಿ ಮೆತ್ತನ ಅಕ್ಷರದಿಂದ ಏಳ್ತಾವ.

ಎರಡನೇದು ಹ್ರಸ್ವ ದೀರ್ಘ. ಇಂಗ್ಲಿಷಿನ್ಯಾಗ ಅಕ್ಷರ ಎಳದ್ರ ಅರ್ಥ ಬದಲಾಗಂಗಿಲ್ಲ, ನಮ್ಮಲ್ಲಿ ಎಳದ್ರ ಅರ್ಥನ ಹೋತು. ನನ್ನ ಮೊದಲನೇ ಹಾಡಿನ್ಯಾಗ ನಿನ್ನ ಬಲ ನನಗ ಸಾಕು ಅಂತ ಬರದು, ಬಲ ಅನ್ನೂದನ್ನ ಎರಡು ಉದ್ದ ಸ್ವರದಾಗ ಇಟ್ಟಿದ್ದೆ. ಸಭೆ ಹಾಡಿದಾಗ ದೇವರ ಬಲ ಹೋಗಿ ಬಾಲ ಆತು. ಒಬ್ಬ ಹಿರಿಯರು ಆರಾಧನೆ ಮುಗಿದಮ್ಯಾಲ ನನ್ನನ್ನ ಬಾಜೂಕ ಕರದು ಮೆಲ್ಲಕ ಹೇಳಿದ್ರು, ಕೇಳಿ ನನಗ ದುಃಖ ಆತು, ದೇವರ ಮುಂದ ಆ ಮಾತು ಬರಬಾರದಿತ್ತು. ತಿದ್ದಿದ್ದು ಹಿಂಗ: ಬಲವೇ ಅಂತ ಮಾಡಿ ಬ, ಲ ಎರಡನ್ನೂ ಒಂದ ಮಾತ್ರೆಯೊಳಗ ಲಗೂನ ಹಾಯಿಸಿ ವೇ ಮ್ಯಾಲ ನಿಲ್ಲಿಸಿದೆ, ವೇ ದೀರ್ಘ ಐತಿ, ಎಷ್ಟು ಬೇಕಾದ್ರೂ ಎಳೀಬಹುದು. ಇದ ಸೂತ್ರ. ಉದ್ದ ಸ್ವರ ಬಂದಲ್ಲಿ ದೀರ್ಘ ಅಕ್ಷರ ಇಡ್ರಿ, ಇಲ್ಲಾಂದ್ರ ಶಬ್ದಕ್ಕ ಏ, ಓ ಹಚ್ಚಿ ದೀರ್ಘ ಮಾಡ್ಕೋರಿ. ಬರದಾದಮ್ಯಾಲ ಹಾಡಬ್ಯಾಡ್ರಿ, ಮೊದ್ಲು ಸುಮ್ಮನ ಮಾತಾಡಿದಂಗ ತಾಳಕ್ಕ ಓದಿ ನೋಡ್ರಿ, ಓದಾಕ ಬಾಯಿ ತೊಡರಿದಲ್ಲಿ ಹಾಡಾಕೂ ತೊಡರ್ತೈತಿ.

ಮೂರನೇದು, ನಮ್ಮ ಛಂದಸ್ಸಿನಿಂದನ ಶುರು ಮಾಡ್ರಿ. ಕಿಟೆಲ್ ಅಂದ್ರ 1894ರ ಕನ್ನಡ ನಿಘಂಟು ಅಂತ ಎಲ್ಲಾರಿಗೂ ಗೊತ್ತು, ಆದ್ರ ಆ ಪಾದ್ರಿ 1862ರಾಗನ ಕಥಾಮಾಲೆ ಅಂತ ಯೇಸುವಿನ ಕಥೀನ ಕನ್ನಡ ಪದ್ಯದಾಗ ಬರದಿದ್ರು, 1875ರಾಗ ನಾಗವರ್ಮನ ಛಂದೋಂಬುಧಿ ಅನ್ನೋ ಹಳೆ ಛಂದಸ್ಸಿನ ಗ್ರಂಥ ಸಂಪಾದನೆ ಮಾಡಿ ಅಚ್ಚು ಹಾಕಿಸಿದ್ರು. ಜರ್ಮನಿಯಿಂದ ಬಂದಂವ ಅಷ್ಟು ಮಾಡಿದ್ರ ಇಲ್ಲೇ ಹುಟ್ಟಿದ ನಾವು ಮಾತ್ರೆ ಎಣಸಾಕರ ಕಲೀಬೇಕಲ್ಲ. ಭಾಮಿನಿ ಷಟ್ಪದಿಯ ಸಣ್ಣ ಸಾಲು 3, 4, 3, 4 ಮಾತ್ರೆ ಅಂತ ಹೋಗ್ತೈತಿ. ದೇವ, ಬೆಳಕಿನ, ದಾರಿ, ತೋರಿಸು: ಮೂರು, ನಾಕು, ಮೂರು, ನಾಕು. ತಬಲಾದವ್ರ ರೂಪಕ ತಾಳ ಏಳು ಮಾತ್ರೆ, 3, 2, 2. ಎರಡನ್ನೂ ಮ್ಯಾಲ ಕೆಳಗ ಬರದು ನೋಡ್ರಿ, ಒಂದರ ಮ್ಯಾಲ ಒಂದು ಸರಿಯಾಗಿ ಕುಂದರ್ತಾವ. ಈ ಹಾಡಿಗೆ ಕಾರ್ಡ್, ಅಂದ್ರ ಒಮ್ಮೆಲೆ ಕೂಡಿಸಿ ಒತ್ತೋ ಸ್ವರ, ಬದಲಿ ಮಾಡೂದು ಒಂದನೇ ಮಾತ್ರೆಗೆ, ನಾಕನೇ ಮಾತ್ರೆಗೆ, ಅಷ್ಟ. ಹಳ್ಳಿ ತಾಯಂದಿರ ಬೀಸುಕಲ್ಲಿನ ತ್ರಿಪದಿ, ಭಜನಿ ಮೇಳದ ತತ್ವಪದ, ಇವೂ ಕಿವಿಯೊಳಗ ಇರಲಿ, ಆ ನಡಿಗಿ ನಮ್ಮ ಮಂದಿ ಕಾಲಿನ್ಯಾಗನ ಐತಿ. ಗುಳೇದಗುಡ್ಡದಾಗ ಖಣ ನೇಯೋರ ಮಗ್ಗದ ಸಪ್ಪಳ ಕೇಳಕೋತ ನಾನು ಒಂದು ಹಾಡಿನ ತಾಳ ಕಟ್ಟೀನಿ, ಅದನ್ನ ಯಾರಿಗೂ ಕಲಸೂದ ಬೇಕಾಗಲಿಲ್ಲ.

ರಾಗದ ಹಾಡಿಗೆ ಕಾರ್ಡ್ ಹಚ್ಚೂವಾಗ ಕೈ ಬಿಗಿ ಹಿಡೀರಿ. ಬಿಲಾವಲ್ ಅಂದ್ರ ಮೇಜರ್ ಸ್ಕೇಲ್, ಅದಕ್ಕ ಏನ್ ಬೇಕಾದ್ರೂ ಹೊಂದ್ತೈತಿ. ಭೈರವಿ, ಭೀಮಪಲಾಸಿಗೆ ಐದನೇ ಸ್ವರದ ಮೇಜರ್ ಕಾರ್ಡ್ ಒತ್ತಿದ್ರ ಶುದ್ಧ ನಿಷಾದ ಬಂದು ರಾಗ ಅಲ್ಲೇ ಮುರೀತೈತಿ, ಆ ರಾಗದಾಗ ಇರೂದು ಕೋಮಲ ನಿಷಾದ. ಅಲ್ಲಿ ಎಡಗೈಯೊಳಗ ಬರೇ ಸಾ, ಪಾ ಹಿಡೀರಿ. ಕ್ವಾಯರ್‌ನವ್ರಿಗೆ ಹಮ್ಮಿಂಗ್ (ಬಾಯಿ ಮುಚ್ಚಿ ಗುನುಗೂದು) ಕೊಡ್ರಿ. ಚಂದ ಆಗ್ತೈತಿ.

ಬರದ ಹಾಡನ್ನ ಮ್ಯೂಸ್‌ಸ್ಕೋರ್‌ನ್ಯಾಗ ಟೈಪ್ ಮಾಡಿ ಇಡ್ರಿ, ಅದು ನೊಟೇಶನ್ ಬರಿಯೋ ಸಾಫ್ಟ್‌ವೇರ್, ಫುಕಟ್ ಸಿಗ್ತೈತಿ, ಯೂನಿಕೋಡ್ ಕನ್ನಡ ತಗೋತೈತಿ. ಸ್ವರದ ಕೆಳಗ ಅಕ್ಷರ ಒಡಿಯೂವಾಗ ಒತ್ತಕ್ಷರ ಒಡೀಬ್ಯಾಡ್ರಿ, ಸ್ತೋತ್ರ ಅನ್ನೂದು ಸ್ತೋ, ತ್ರ, ಎರಡ ತುಂಡು. ಹಾಳಿ ಕೆಳಗ ಹೆಸರು, ತಾರೀಖು ಹಾಕ್ರಿ. ಒಂದು ರೆಕಾರ್ಡಿಂಗ್‌ನ್ಯಾಗ ನನ್ನ ಹಾಡಿಗೆ ಸಾಂಪ್ರದಾಯಿಕ ಅಂತ ಹಾಕಿಬಿಟ್ಟಿದ್ರು, ಕೇಳಾಕ ಹೋದ್ರ ನನ್ನ ಹತ್ರ ತಾರೀಖು ಇರೋ ಕಾಗದ ಇರಲಿಲ್ಲ. ನಮ್ಮ ದೇಶದ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಬರದೋರ ಹಕ್ಕು ಅವ್ರು ಹೋದಮ್ಯಾಲೂ 60 ವರ್ಷ ಇರ್ತೈತಿ. ಅದ ಕಾಯ್ದೆಯೊಳಗ ಧಾರ್ಮಿಕ ವಿಧಿಯೊಳಗ ಹಾಡೂದಕ್ಕ ವಿನಾಯಿತಿ ಐತಿ, ಮದುವಿಗೂ ಐತಿ, ಆದ್ರ ಅದು ಹಾಡಾಕ, ಪುಸ್ತಕ ಜೆರಾಕ್ಸ್ ಮಾಡಿ ಹಂಚಾಕಲ್ಲ, ಯೂಟ್ಯೂಬ್‌ಗೆ ಹಾಕಾಕೂ ಅಲ್ಲ.

ರೊಕ್ಕದ ಮಾತು ಬಿಚ್ಚಿ ಹೇಳ್ತೀನಿ, ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರು ಜಿಲ್ಲಾದಾಗ ಬರೇ ಚರ್ಚಿನ ಸಂಗೀತದ ಮ್ಯಾಲ ಮನಿ ನಡಸ್ತೀನಿ ಅಂದ್ರ ನಡಿಯಂಗಿಲ್ಲ. ಗೌರವಧನ ಅಂತ ಕೊಡೂದು ಪೆಟ್ರೋಲ್ ಖರ್ಚಿಗೆ ಹೊಂದ್ತೈತಿ. ನನ್ನ ಹೊಟ್ಟಿ ತುಂಬಿಸಿದ್ದು ಶಾಲಿಯೊಳಗ ಮ್ಯೂಸಿಕ್ ಟೀಚರ್ ಕೆಲಸ, ಸಂಜೀಕ ಟ್ಯೂಶನ್, ಮದುವಿ ಸೀಸನ್. ಮದುವಿಗೆ ನುಡಸೂದಾದ್ರ ಎಷ್ಟು, ಯಾವ ಹಾಡು, ಪ್ರ್ಯಾಕ್ಟೀಸಿಗೆ ಎಷ್ಟು ದಿನ ಬರಬೇಕು ಅಂತ ಮೊದ್ಲ ಕೂತು ಮಾತಾಡ್ರಿ, ದೇವರ ಕೆಲಸ ಅಂತ ಸುಮ್ಮನ ಬಿಟ್ರ ಆಮ್ಯಾಲ ಮನಸ್ಸಿನ್ಯಾಗ ಕಹಿ ಉಳೀತೈತಿ. ಸಮಾಧಿ ಆರಾಧನೆಗೆ ಮಾತ್ರ ನಾನು ರೊಕ್ಕ ತಗೋಂಗಿಲ್ಲ, ಅದು ನನ್ನ ನೇಮ.

ಭಾನುವಾರಕ್ಕ ಮೊದ್ಲು, ಶನಿವಾರ ರಾತ್ರಿನ, ಹಾಡಿನ ನಂಬರ್ ಪಾದ್ರಿಯವ್ರ ಜೋಡಿ ಇನ್ನೊಮ್ಮೆ ಕೂಡಿಸಿ ನೋಡ್ರಿ. ಫ್ಯಾನಿನ ಗಾಳಿಗೆ ಹಾಳಿ ಹಾರದಂಗ ಬಟ್ಟಿ ಕ್ಲಿಪ್ ಇಟ್ಟುಕೋರಿ, ಸಣ್ಣ ಟಾರ್ಚ್ ಇಟ್ಟುಕೋರಿ. ಕರೆಂಟ್ ಹೋಗ್ತೈತಿ, ಹೋಗೇ ಹೋಗ್ತೈತಿ. ಕ್ವಾಯರ್‌ಗೆ ಅದನ್ನೂ ಪ್ರ್ಯಾಕ್ಟೀಸ್ ಮಾಡಿಸಿಡ್ರಿ, ಹಾಡಿನ ನಡುವ ನಾನು ಪ್ಲಗ್ ತಗೀತೀನಿ, ಅವ್ರು ನಿಲ್ಲಂಗಿಲ್ಲ. ಒಂದು ಕ್ರಿಸ್ಮಸ್ ಹಿಂದಿನ ರಾತ್ರಿ ಕರೆಂಟ್ ಹೋದಾಗ ಬರೇ ದನಿಯೊಳಗ ಮೂರು ಚರಣ ಹೋದ್ವು, ಸುರು ಒಂದು ಕೂದಲಷ್ಟೂ ಇಳೀಲಿಲ್ಲ.

ನೀವು ಒಂದೆರಡು ವರ್ಷ ನುಡಸಿದ ಮ್ಯಾಲ ಬಾಜೂಕ ಒಂದು ಸ್ಟೂಲ್ ಇಟ್ಟು ಸಣ್ಣ ಹುಡುಗ್ರನ್ನ ಕುಂದ್ರಿಸಿಕೋರಿ. ಕೀಬೋರ್ಡ್ ಮುಟ್ಟಾಕ ಬರೋ ಹುಡುಗ್ರನ್ನ ನೋಡಬ್ಯಾಡ್ರಿ, ಹಾಡಿನ ನಡುವ ತಮಗ ಗೊತ್ತಿಲ್ದಂಗ ಗುನುಗುಡೋರನ್ನ ನೋಡ್ರಿ. ನನ್ನ ಹತ್ರ ಈಗ ಹನ್ನೊಂದು ವರ್ಷದ ಒಬ್ಬಾಕಿ ಅದಾಳು. ಆಕಿಗೆ ನುಡಸಾಕ ಮೊದಲನೇ ಚರಣ ಕೊಡಲಿಲ್ಲ, ಅಲ್ಲಿ ಎಲ್ಲಾರ ಕಿವಿ ವಾದ್ಯದ ಮ್ಯಾಲ ಇರ್ತಾವ, ಕಡೀದೂ ಕೊಡಲಿಲ್ಲ, ಅಲ್ಲಿ ಎಲ್ಲಾರೂ ಜೋರ ಮಾಡ್ತಾರ. ಎರಡನೇ ಚರಣ ಕೊಟ್ಟೆ. ಅಷ್ಟೊತ್ತಿಗೆ ಮಂದಿ ತಮ್ಮ ಉಸಿರಿನ್ಯಾಗ ಹಾಡ್ತಿರ್ತಾರ, ನಡುವ ಒಂದು ಬೆರಳು ತಪ್ಪಿದ್ರೂ ಹಾಡು ನಿಲ್ಲಂಗಿಲ್ಲ. ನಾನು ಸ್ಟೂಲಿಗೆ ಸರದು ಕುಂತು ಆಲ್ಟೋ ಹಾಡ್ತೀನಿ.